ಎಪಿ ಲ್ಯಾಂಗ್ ಟ್ಯೂಷನ್‌ಗೆ ಪೂರ್ತಿ ಫೀಸು ಕಟ್ಟುವ ಮುಂಚೆ ಓದಿ

ಅಮೆರಿಕದಲ್ಲಿ ಹೈಸ್ಕೂಲ್ ಮಕ್ಕಳಿರುವ ಕನ್ನಡದ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಹನ್ನೊಂದನೇ ಕ್ಲಾಸಿನಲ್ಲಿ ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಕಾಂಪೊಸಿಷನ್ ತೆಗೆದುಕೊಂಡಿರುವ ಮಕ್ಕಳ ಮನೆಯವರಿಗೆ. ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. "5 ಗ್ಯಾರಂಟಿ, ಬರದಿದ್ದರೆ ದುಡ್ಡು ವಾಪಸ್" (5 ಅಂದರೆ ಎಪಿ ಪರೀಕ್ಷೆಯಲ್ಲಿ ಸಿಗುವ ಅತಿ ಹೆಚ್ಚಿನ ಸ್ಕೋರ್) ಅಂತ ಹೇಳಿ, ಇಡೀ ಪ್ಯಾಕೇಜಿನ ಫೀಸನ್ನು ಒಟ್ಟಿಗೆ ಕೇಳುವ ಆನ್‌ಲೈನ್ ಟ್ಯೂಟರ್ ಸಿಕ್ಕರೆ ದಯವಿಟ್ಟು ದುಡ್ಡು ಕಳಿಸಬೇಡಿ. ನಮ್ಮ ಮನೆಯಿಂದ ಹತ್ತಿರ ಹತ್ತಿರ 2,000 ಡಾಲರ್ ಹೋಯಿತು. ದುಡ್ಡಿನ ಮಾತು ಹಾಗಿರಲಿ, ಅಲ್ಲಿ ಮಗಳು ಕಲಿತದ್ದನ್ನು ಮರೆಸುವುದಕ್ಕೇ ಅವಳ ಸ್ಕೂಲಿನ ಟೀಚರ್ ಒದ್ದಾಡಬೇಕಾಯಿತು.

ಈ ಪರೀಕ್ಷೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಕಾಲೇಜ್ ಬೋರ್ಡ್ ಇದನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ನಡೆಸುತ್ತದೆ. 5 ಲಕ್ಷಕ್ಕೂ ಜಾಸ್ತಿ ಮಕ್ಕಳು ಬರೆಯುತ್ತಾರೆ. ಒಟ್ಟು 3 ಗಂಟೆ 15 ನಿಮಿಷ. ಮೊದಲ ಒಂದು ಗಂಟೆಯಲ್ಲಿ 45 ಬಹುಆಯ್ಕೆ ಪ್ರಶ್ನೆಗಳು, ಅದಕ್ಕೆ ಶೇ 45 ಅಂಕ. ಉಳಿದ ಹೊತ್ತಿನಲ್ಲಿ ಮೂರು ಎಸ್ಸೆ, ಅದಕ್ಕೆ ಶೇ 55. ಒಂದು ಸಿಂಥೆಸಿಸ್: ಆರು ಆಕರಗಳನ್ನು ಕೊಟ್ಟಿರುತ್ತಾರೆ, ಕನಿಷ್ಠ ಮೂರನ್ನು ಬಳಸಿ ನಿಮ್ಮ ವಾದ ಕಟ್ಟಬೇಕು. ಇನ್ನೊಂದು ರೆಟರಿಕಲ್ ಅನಾಲಿಸಿಸ್: ಒಂದು ಭಾಷಣವೋ ಪತ್ರವೋ ಕೊಟ್ಟು, ಬರೆದವರು ಓದುಗರನ್ನು ಹೇಗೆ ಒಲಿಸಿಕೊಳ್ಳುತ್ತಾರೆ ಅಂತ ಕೇಳುತ್ತಾರೆ. ಮೂರನೆಯದು ಆರ್ಗ್ಯುಮೆಂಟ್, ಪೂರ್ತಿ ನಿಮ್ಮದೇ ನಿಲುವು. 2025ರಿಂದ ಎಲ್ಲವೂ ಬ್ಲೂಬುಕ್ ಆ್ಯಪ್‌ನಲ್ಲಿ, ಟೈಪ್ ಮಾಡಿ ಬರೆಯಬೇಕು.

ಮುಖ್ಯವಾದ ಮಾತು: ಇದಕ್ಕೆ ಗೊತ್ತುಮಾಡಿದ ಪಠ್ಯ ಅನ್ನುವುದೇ ಇಲ್ಲ. ಪಿಯುಸಿಯಲ್ಲಿ ಗೈಡ್ ಓದಿ, ಪರೀಕ್ಷೆಯ ಹಿಂದಿನ ವಾರ "ಇಂಪಾರ್ಟೆಂಟ್ ಕ್ವೆಶ್ಚನ್ಸ್" ಜೆರಾಕ್ಸ್ ಮಾಡಿಸಿಕೊಂಡು ಪಾಸಾದ ನಮ್ಮ ತಲೆಮಾರಿಗೆ ಇದು ತಲೆಗೆ ಹೋಗುವುದೇ ಕಷ್ಟ. ಪೋರ್ಷನ್ ಇಲ್ಲದ ಪರೀಕ್ಷೆ ಎಂಥದ್ದು, ಅಲ್ವಾ? ಟ್ಯೂಟರ್‌ಗಳ ವ್ಯಾಪಾರ ನಡೆಯುವುದೂ ಇಲ್ಲೇ. ಅವರು ಒಂದು ಪೋರ್ಷನ್ ಹುಟ್ಟಿಸಿ ಮಾರುತ್ತಾರೆ.

ನಮಗೆ ಸಿಕ್ಕವರ ಜಾಹೀರಾತು ವಾಟ್ಸಾಪ್ ಫಾರ್ವರ್ಡ್ ಆಗಿ ಬಂತು. "ಎಪಿ ಸರ್ಟಿಫೈಡ್ ಟ್ಯೂಟರ್, ಮಾಜಿ ಎಪಿ ರೀಡರ್" ಅಂತ ದಪ್ಪ ಅಕ್ಷರದಲ್ಲಿತ್ತು. ಇದನ್ನು ಗಮನವಿಟ್ಟು ಓದಿ: ಕಾಲೇಜ್ ಬೋರ್ಡ್ ಖಾಸಗಿ ಟ್ಯೂಟರ್‌ಗಳಿಗೆ ಸರ್ಟಿಫಿಕೇಟ್ ಕೊಡುವುದಿಲ್ಲ. ಅದು ನೋಡುವುದು ಸ್ಕೂಲುಗಳು ನಡೆಸುವ ಕೋರ್ಸನ್ನು. ಟೀಚರ್ ತಮ್ಮ ಸಿಲೆಬಸ್ ಕಳಿಸಿ ಒಪ್ಪಿಗೆ ಪಡೆಯುತ್ತಾರೆ, ಆಮೇಲೆ ಆ ಕೋರ್ಸಿಗೆ ಎಪಿ ಅನ್ನುವ ಹೆಸರು. ರೀಡರ್ ಅನ್ನುವುದು ನಿಜವಾದ ಕೆಲಸ. ಹೈಸ್ಕೂಲು, ಕಾಲೇಜುಗಳ ಮೇಷ್ಟ್ರುಗಳು ಜೂನ್‌ನಲ್ಲಿ ಸೇರಿ ಎಸ್ಸೆಗಳಿಗೆ ಅಂಕ ಹಾಕುತ್ತಾರೆ. ಹಾಗಾಗಿ ರೀಡರ್ ಅಂತ ಹೇಳಿಕೊಳ್ಳುವವರನ್ನು ಯಾವ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಿರಿ, ಯಾವ ವರ್ಷ ಹೋಗಿದ್ದಿರಿ ಅಂತ ಕೇಳಿ. ನಾವು ಕೇಳಿದಾಗ ಸಿಕ್ಕಿದ್ದು ಒಂದು ನಗು, ಜೊತೆಗೆ "ಅದೆಲ್ಲ ಕಾನ್ಫಿಡೆನ್ಷಿಯಲ್". ಪರೀಕ್ಷೆಯ ಗುಟ್ಟು ಕಾನ್ಫಿಡೆನ್ಷಿಯಲ್ ಇರಬಹುದು, ನೀವು ಕೆಲಸ ಮಾಡಿದ ಸ್ಕೂಲಿನ ಹೆಸರೂನಾ?

ಮೊದಲ ಮಾಕ್ ಟೆಸ್ಟ್ ವಾಪಸ್ ಬಂದಾಗ ಮೇಲುಗಡೆ ಕೆಂಪು ಇಂಕಿನಲ್ಲಿ 6/9 ಅಂತಿತ್ತು. ಮಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅಮ್ಮಾ, ಇದು ಆರಕ್ಕಲ್ವಾ?" ಅಂದಳು. ಅವಳು ಹೇಳಿದ್ದೇ ಸರಿ. 9ರ ಅಳತೆ 2019ರ ಪರೀಕ್ಷೆಗೇ ಮುಗಿಯಿತು. ಆಮೇಲಿಂದ ಪ್ರತಿ ಎಸ್ಸೆಗೂ 6 ಅಂಕ. ಥೀಸಿಸ್‌ಗೆ, ಅಂದರೆ ಎಸ್ಸೆಯ ಮುಖ್ಯ ವಾದಕ್ಕೆ 1, ಸಾಕ್ಷ್ಯ ಮತ್ತು ಅದರ ವಿವರಣೆಗೆ 4, ಸೊಫಿಸ್ಟಿಕೇಷನ್, ಅಂದರೆ ಯೋಚನೆಯ ಆಳಕ್ಕೆ 1. ಈ ಕೊನೆಯ ಅಂಕ ಸಿಗುವುದು ಕೆಲವೇ ಮಕ್ಕಳಿಗೆ, ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಬಹುಆಯ್ಕೆಯ ಕಟ್ಟು ಇನ್ನೂ ಹಳೆಯದು. 55 ಪ್ರಶ್ನೆ, ಒಂದೊಂದಕ್ಕೂ ಐದು ಆಯ್ಕೆ. ಈಗ ಇರುವುದು 45 ಪ್ರಶ್ನೆ, ನಾಲ್ಕೇ ಆಯ್ಕೆ. ಅದರಲ್ಲೂ ಹತ್ತಿರ ಹತ್ತಿರ ಅರ್ಧ ಪ್ರಶ್ನೆಗಳು ಬೇರೆಯದೇ ಥರ: ಯಾರದೋ ಕರಡು ಬರಹ ಕೊಟ್ಟು, ಈ ವಾಕ್ಯ ಎಲ್ಲಿ ಇಟ್ಟರೆ ಸರಿ, ಇದನ್ನು ಹೇಗೆ ತಿದ್ದಬೇಕು ಅಂತ ಕೇಳುತ್ತಾರೆ. ಟ್ಯೂಟರ್ ಕೊಟ್ಟ ಕಟ್ಟಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಕೇಳಿದರೆ, "ಕಾನ್ಸೆಪ್ಟ್ ಒಂದೇ ಮೇಡಂ, ಸ್ಕೇಲ್ ಯಾವುದಾದರೇನು?" ಅನ್ನುವ ಹಾರಿಕೆ ಉತ್ತರ. ನಿಂತುಹೋದ ಬಸ್ಸಿಗೆ ಪಾಸ್ ಮಾರುವವರ ಮಾತು ಹೀಗೇ ಇರುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಅವರ ಟೆಂಪ್ಲೇಟ್. ಒಂದು ಪುಟದ ಪಿಡಿಎಫ್, ನಡುನಡುವೆ ಖಾಲಿ ಜಾಗ. "ಲೇಖಕರು ಡಿಕ್ಷನ್ (ಪದಗಳ ಆಯ್ಕೆ), ಇಮೇಜರಿ (ಚಿತ್ರಣ) ಮತ್ತು ಸಿಂಟ್ಯಾಕ್ಸ್ (ವಾಕ್ಯರಚನೆ) ಬಳಸಿ ತಮ್ಮ ಉದ್ದೇಶವನ್ನು ಓದುಗರಿಗೆ ಮುಟ್ಟಿಸುತ್ತಾರೆ" ಅನ್ನುವ ಅರ್ಥದ ವಾಕ್ಯದಿಂದ ಶುರು. ಲೇಖಕರ ಹೆಸರೊಂದನ್ನು ಬದಲಾಯಿಸಿದರೆ ಆಯಿತು, ಯಾವ ಭಾಷಣಕ್ಕಾದರೂ ಸರಿ. ಮಕ್ಕಳಿಗೆ ಅದನ್ನು ಉರು ಹೊಡೆಸುವುದೇ ಪಾಠ.

ಅದರಿಂದ ಏನಾಯಿತು ಅಂತ ಒಂದು ಉದಾಹರಣೆ ಕೊಡುತ್ತೇನೆ. 2019ರ ಪರೀಕ್ಷೆಯಲ್ಲಿ ರೆಟರಿಕಲ್ ಅನಾಲಿಸಿಸ್‌ಗೆ ಬಂದಿದ್ದು ಗಾಂಧೀಜಿಯ ಪತ್ರ. 1930ರಲ್ಲಿ ದಂಡಿ ಯಾತ್ರೆಗೆ ಮುಂಚೆ ವೈಸ್‌ರಾಯ್ ಲಾರ್ಡ್ ಇರ್ವಿನ್‌ಗೆ ಬರೆದದ್ದು. ಪ್ರಶ್ನೆ ಹಳೆಯದಾದರೂ ಅಭ್ಯಾಸಕ್ಕೆ ತುಂಬಾ ಚೆನ್ನಾಗಿದೆ. ನನ್ನ ತವರು ಅಂಕೋಲೆ ಕಡೆ. 1930ರಲ್ಲಿ ಅಲ್ಲೂ ಉಪ್ಪಿನ ಸತ್ಯಾಗ್ರಹ ನಡೆದಿತ್ತು, ಅಜ್ಜನ ಬಾಯಲ್ಲಿ ಅದರ ಕಥೆಗಳನ್ನು ಮಗಳು ರಜೆಯಲ್ಲಿ ಕೇಳಿದ್ದಾಳೆ. ಹಾಗಾಗಿ ಪತ್ರವನ್ನು ಆಸೆಯಿಂದ ಓದಿದಳು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಬರೆದುಕೊಂಡಳು: ಇಷ್ಟು ಮರ್ಯಾದೆಯಿಂದ ಬರೆಯುವವರು ತಾರೀಖು ಯಾಕೆ ಕೊಡುತ್ತಾರೆ?

ಎಂಥ ಪ್ರಶ್ನೆ ನೋಡಿ! ಆ ಪತ್ರದ ಜೀವವೇ ಅಲ್ಲಿದೆ. ಬ್ರಿಟಿಷರಿಗೆ ಕೆಡುಕು ಬಯಸುವುದಿಲ್ಲ, ಅಹಿಂಸೆಯಿಂದ ಅವರ ಮನಸ್ಸು ತಿರುಗಿಸುವುದೇ ನನ್ನ ಆಸೆ ಅನ್ನುತ್ತಾರೆ. ಅದೇ ಉಸಿರಿನಲ್ಲಿ, ನೀವು ಏನೂ ಮಾಡದಿದ್ದರೆ ಈ ತಿಂಗಳ 11ಕ್ಕೆ ಆಶ್ರಮದವರ ಜೊತೆ ಹೊರಟು ಉಪ್ಪಿನ ಕಾನೂನು ಮುರಿಯುತ್ತೇನೆ ಅನ್ನುತ್ತಾರೆ. ನನ್ನನ್ನು ಹಿಡಿದು ಒಳಗೆ ಹಾಕಬಹುದು, ಆದರೆ ನನ್ನ ಹಿಂದೆ ಸಾವಿರಾರು ಜನ ಬರುತ್ತಾರೆ ಅನ್ನುವುದನ್ನೂ ತಣ್ಣಗೆ ಹೇಳುತ್ತಾರೆ. ಸ್ನೇಹದ ದನಿಯಲ್ಲಿ ಗಡುವು! ವೈಸ್‌ರಾಯ್‌ಗೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಜಾಗ ಬಿಟ್ಟಿಲ್ಲ, ಸುಮ್ನೆ ಕೂರುವುದಕ್ಕೂ ಬಿಟ್ಟಿಲ್ಲ. ಇದನ್ನು ಹಿಡಿದು, ಯಾಕೆ ಹೀಗೆ ಬರೆದರು ಅಂತ ಬಿಡಿಸಿ ಹೇಳಿದರೆ ವಿವರಣೆಯ ಆ 4 ಅಂಕಗಳು ಅಲ್ಲೇ ಇವೆ.

ಟ್ಯೂಟರ್ ಆ ಪೆನ್ಸಿಲ್ ಸಾಲಿನ ಮೇಲೆ ಕೆಂಪು ಗೀಟು ಎಳೆದು "ಫಾರ್ಮ್ಯಾಟ್‌ನಲ್ಲಿಲ್ಲ" ಅಂತ ಬರೆದಿದ್ದರು. ಅದರ ಬದಲು ಅವಳು ತಿದ್ದಿ ಬರೆಯಬೇಕಾದದ್ದು: ಗಾಂಧೀಜಿ ಮಹಾತ್ಮರಾದ್ದರಿಂದ ಈಥಾಸ್ (ಹೇಳುವವರ ಮೇಲಿನ ನಂಬಿಕೆ), ಬಡವರ ಮಾತು ಬಂದಿದ್ದರಿಂದ ಪೇಥಾಸ್ (ಭಾವನೆ), ತೆರಿಗೆ ಅನ್ಯಾಯವಾದ್ದರಿಂದ ಲೋಗಾಸ್ (ತರ್ಕ). ಅಷ್ಟೇ. ಇದನ್ನು ಪತ್ರ ಓದದೇನೂ ಬರೆಯಬಹುದು.

ಆರ್ಗ್ಯುಮೆಂಟ್ ಎಸ್ಸೆಗೂ ಇದೇ ಕಥೆ. ಯಾವ ಪ್ರಶ್ನೆ ಬಂದರೂ ತುರುಕಬಹುದಾದ ದೊಡ್ಡ ದೊಡ್ಡ ಹೆಸರುಗಳ ಒಂದು ಪಟ್ಟಿ ಕೊಟ್ಟರು. ಅಜ್ಜನ ಕಥೆ, ಊರಿನ ಅನುಭವ ತಂದರೆ ಅಂಕ ಹೋಗುತ್ತದೆ ಅಂತ ಹೆದರಿಸಿದರು. ಅದು ಸುಳ್ಳು. ಸ್ವಂತ ಅನುಭವವನ್ನೂ ನೋಡಿದ್ದನ್ನೂ ಸಾಕ್ಷ್ಯವಾಗಿ ತರಬಹುದು, ವಾದಕ್ಕೆ ಅದು ಕೂಡಿಬರಬೇಕು ಅಷ್ಟೇ.

ನಿಜವಾದ ಏಟು ಬಿದ್ದಿದ್ದು ಸ್ಕೂಲಿನಲ್ಲಿ. ಕ್ಲಾಸಿಗೆ ಕೊಡಬೇಕಿದ್ದ ಎಸ್ಸೆಯನ್ನು "ಸ್ವಲ್ಪ ಪಾಲಿಶ್ ಮಾಡಿಕೊಡುತ್ತೇನೆ" ಅಂತ ಟ್ಯೂಟರ್ ತೆಗೆದುಕೊಂಡರು. ವಾಪಸ್ ಬಂದಾಗ ಅರ್ಧಕ್ಕರ್ಧ ಅವರದೇ ಬರಹ. ಗೂಗಲ್ ಡಾಕ್ಸ್‌ನಲ್ಲಿ ವರ್ಷನ್ ಹಿಸ್ಟರಿ ಅಂತ ಇರುತ್ತದಲ್ಲ, ಅದರಲ್ಲಿ ಎರಡು ದೊಡ್ಡ ಪ್ಯಾರಾ ಒಂದೇ ಏಟಿಗೆ ಬಂದು ಕೂತಿದ್ದು ಟೀಚರ್ ಕಣ್ಣಿಗೆ ಬಿತ್ತು. ಕರೆಸಿ, ಎರಡನೇ ಪ್ಯಾರಾ ವಿವರಿಸು ಅಂದರು. ಇವಳಿಗೆ ಬಾಯಿ ಬರಲಿಲ್ಲ. ಆ ಎಸ್ಸೆಗೆ ಸೊನ್ನೆ. ಟೀಚರ್ ಒಳ್ಳೆಯವರು, ಬೇರೆ ವಿಷಯದ ಮೇಲೆ ಕ್ಲಾಸಿನಲ್ಲೇ ಕೂತು ಬರೆಯುವುದಕ್ಕೆ ಇನ್ನೊಂದು ಅವಕಾಶ ಕೊಟ್ಟರು. ಎಲ್ಲ ಸ್ಕೂಲುಗಳಲ್ಲೂ ಹಾಗೆ ಕೊಡುವುದಿಲ್ಲ. ಕೆಲವು ಕಡೆ ರೆಕಾರ್ಡಿಗೇ ಹೋಗುತ್ತದೆ. ಟ್ಯೂಟರ್‌ಗೆ ಫೋನ್ ಮಾಡಿದರೆ "ಎಲ್ಲರೂ ಮಾಡಿಸಿಕೊಳ್ಳುತ್ತಾರೆ" ಅಂತ ಕೈ ತೊಳೆದುಕೊಂಡರು.

ಇಷ್ಟರ ಮೇಲೆ ಏಪ್ರಿಲ್‌ನಲ್ಲಿ ಇನ್ನೊಂದು ಮೆಸೇಜ್: "ಈ ವರ್ಷದ ಖಚಿತ ಪ್ರಶ್ನೆಗಳು", ಅದಕ್ಕೆ ಬೇರೆ ದುಡ್ಡು. ಇಂಥದ್ದರ ಹತ್ತಿರವೂ ಸುಳಿಯಬೇಡಿ. ಊಹೆಯಾದರೆ ದುಡ್ಡು ದಂಡ. ನಿಜವಾಗಿಯೂ ಸೋರಿದ್ದಾದರೆ ಮಗುವಿನ ಅಂಕವನ್ನೇ ಕಾಲೇಜ್ ಬೋರ್ಡ್ ರದ್ದು ಮಾಡಬಹುದು.

ನಾವು ಅಲ್ಲಿಗೇ ಬಿಡಿಸಿದೆವು. ಉಳಿದ ದಿನ ಮಗಳು ಓದಿದ್ದು ಪುಕ್ಕಟೆ ಸಿಗುವುದನ್ನೇ. ಹಿಂದಿನ ವರ್ಷಗಳ ಎಸ್ಸೆ ಪ್ರಶ್ನೆಗಳು ಕಾಲೇಜ್ ಬೋರ್ಡ್‌ನ ತಾಣದಲ್ಲೇ ಇವೆ. ಜೊತೆಗೆ ಮಕ್ಕಳು ನಿಜವಾಗಿ ಬರೆದ ಉತ್ತರಗಳು, ಅವಕ್ಕೆ ಎಷ್ಟು ಅಂಕ ಬಂತು, ಯಾಕೆ ಬಂತು ಅನ್ನುವ ವಿವರಣೆಯೂ ಇದೆ. ಎಪಿ ಕ್ಲಾಸ್‌ರೂಮ್‌ನಲ್ಲಿ ವಿಡಿಯೋ ಪಾಠಗಳಿವೆ, ಕೋರ್ಸಿಗೆ ಸೇರಿದ ಮಕ್ಕಳಿಗೆ ಸ್ಕೂಲಿನ ಮೂಲಕ ಸಿಗುತ್ತವೆ. ನನಗೆ ಅಂಕದ ವಿವರಣೆಗಳೇ ಎಲ್ಲಕ್ಕಿಂತ ಹೆಚ್ಚು ಇಷ್ಟವಾದವು. ಇಂಗ್ಲಿಷ್ ಮೇಷ್ಟ್ರಲ್ಲದ ನನಗೂ 2 ಬಂದ ಉತ್ತರಕ್ಕೂ 5 ಬಂದದ್ದಕ್ಕೂ ಏನು ವ್ಯತ್ಯಾಸ ಅಂತ ಅರ್ಥವಾಯಿತು.

ಟ್ಯೂಟರ್ ಬೇಕೇ ಬೇಕು ಅನ್ನುವವರೂ ಇದ್ದಾರೆ, ತಪ್ಪೇನಿಲ್ಲ. ಎಸ್ಸೆ ಓದಿ ಹೇಳುವುದಕ್ಕೆ ಒಬ್ಬರು ಇದ್ದರೆ ಒಳ್ಳೆಯದೇ. ಆದರೆ ಡೆಮೊ ಕ್ಲಾಸಿನಲ್ಲಿ ಒಂದು ಕೆಲಸ ಮಾಡಿ. ತಾಣದಿಂದ ಒಂದು ಮಾದರಿ ಉತ್ತರ ತೆಗೆದು, ಅಂಕ ತೋರಿಸದೆ ಅವರ ಮುಂದಿಡಿ. ನೀವಾದರೆ ಎಷ್ಟು ಕೊಡುತ್ತೀರಿ, ಯಾಕೆ ಅಂತ ಕೇಳಿ. ಆಮೇಲೆ ಅಧಿಕೃತ ವಿವರಣೆಯ ಜೊತೆ ಹೋಲಿಸಿ. ಒಂದಂಕ ಆಚೀಚೆ ಆಗಬಹುದು. 9ರಲ್ಲಿ ಅಂಕ ಕೊಟ್ಟರೆ ಅಲ್ಲೇ ನಮಸ್ಕಾರ ಹೇಳಿ. ಮಗುವಿನ ಬರಹದ ಮೇಲೆ ಅವರು ಪ್ರಶ್ನೆ ಬರೆಯುತ್ತಾರಾ, ಅಥವಾ ತಾವೇ ವಾಕ್ಯ ಬರೆದುಕೊಡುತ್ತಾರಾ ಅನ್ನುವುದನ್ನೂ ನೋಡಿ.

ಗ್ಯಾರಂಟಿಯ ಕಥೆ ಕೊನೆಗೆ ಹೀಗಾಯಿತು. ದುಡ್ಡು ವಾಪಸ್ ಬೇಕಾದರೆ ಒಂದು ಕ್ಲಾಸೂ ತಪ್ಪಿಸಿರಬಾರದು ಅಂತ ಷರತ್ತು. ಅವರೇ ಮುಂದೂಡಿದ ಕ್ಲಾಸುಗಳನ್ನೂ ನಾವು ತಪ್ಪಿಸಿದ ಲೆಕ್ಕಕ್ಕೆ ಸೇರಿಸಿದ್ದರು. ಆಮೇಲೆ ಫೋನೂ ಇಲ್ಲ, ಮೆಸೇಜಿಗೆ ಉತ್ತರವೂ ಇಲ್ಲ. ನಾವು ಕಳಿಸಿದ್ದು ಝೆಲ್‌ನಲ್ಲಿ (ಬ್ಯಾಂಕ್ ಖಾತೆಯಿಂದ ಖಾತೆಗೆ ನೇರವಾಗಿ ದುಡ್ಡು ಕಳಿಸುವ ವ್ಯವಸ್ಥೆ), ಬೇರೆ ಯಾವುದನ್ನೂ ಅವರು ಒಪ್ಪುತ್ತಲೇ ಇರಲಿಲ್ಲ. ನೀವೇ ಒಪ್ಪಿ ಕಳಿಸಿದ ದುಡ್ಡು, ವಾಪಸ್ ತರಿಸುವುದಕ್ಕೆ ಆಗುವುದಿಲ್ಲ ಅಂತ ಬ್ಯಾಂಕಿನವರು ಹೇಳಿದರು. ಕ್ರೆಡಿಟ್ ಕಾರ್ಡ್ ಆದರೆ ಹಾಗಲ್ಲ. ಬಿಲ್ ಬಂದ 60 ದಿನದೊಳಗೆ ಬರಹದಲ್ಲಿ ತಕರಾರು ಹಾಕುವುದಕ್ಕೆ ಇಲ್ಲಿನ ಕಾನೂನೇ ಅವಕಾಶ ಕೊಡುತ್ತದೆ. ಕಾರ್ಡ್ ಬೇಡ ಅನ್ನುವ ಟ್ಯೂಟರ್ ನಿಮಗೆ ಬೇಡ. ತಿಂಗಳು ತಿಂಗಳಿಗೆ ಕಟ್ಟಿ, ಕ್ಲಾಸ್ ಆದ ಮೇಲೆ ಕಟ್ಟಿ.

ಫೆಡರಲ್ ಟ್ರೇಡ್ ಕಮಿಷನ್‌ಗೆ ದೂರು ಕೊಟ್ಟಿದ್ದೇವೆ, ರಾಜ್ಯದ ಗ್ರಾಹಕರ ಇಲಾಖೆಗೂ ಕೊಟ್ಟಿದ್ದೇವೆ. ಕಮಿಷನ್‌ನವರು ಒಬ್ಬೊಬ್ಬರ ದುಡ್ಡು ಕೊಡಿಸುವುದಿಲ್ಲ, ಆದರೆ ಒಂದೇ ಥರದ ದೂರುಗಳು ಜಾಸ್ತಿ ಬಂದರೆ ತನಿಖೆಗೆ ಬಳಸುತ್ತಾರೆ. ನಿಮಗೂ ಹೀಗಾಗಿದ್ದರೆ ದೂರು ಕೊಡಿ, ಜಾಹೀರಾತಿನ ಸ್ಕ್ರೀನ್‌ಶಾಟು, ಮೆಸೇಜು, ಅಂಕ ಹಾಕಿದ ಹಾಳೆ ಯಾವುದನ್ನೂ ಅಳಿಸಬೇಡಿ.