ಎಂಟನೇ ಎಡ್ವರ್ಡ್‌ನ ಮುಖವಿರುವ ಕ್ರೌನ್ ಕಂಡರೆ ಜೇಬಿಗೆ ಕೈ ಹಾಕಬೇಡಿ

ಹೋದ ವರ್ಷ ನವೆಂಬರ್‌ನಲ್ಲಿ 120 ಪೌಂಡ್ ಕೊಟ್ಟು ಒಂದು ನಾಣ್ಯ ಕೊಂಡೆ. ಅದು ನಾಣ್ಯವೇ ಅಲ್ಲ ಅಂತ ಗೊತ್ತಾಗಲು ಹತ್ತು ದಿನ ಬೇಕಾಯಿತು. ಬ್ರಿಟಿಷ್ ನಾಣ್ಯಗಳನ್ನು ರಾಜರ ಲೆಕ್ಕದಲ್ಲಿ, ಅಂದರೆ ಒಬ್ಬೊಬ್ಬ ರಾಜನಿಗೆ ಒಂದೊಂದರಂತೆ ಕೂಡಿಸುವವರು ನಮ್ಮವರಲ್ಲೂ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆ, ಆದರೂ ಪೂರ್ತಿ ಹೇಳುತ್ತೇನೆ.

ಈ ಹುಚ್ಚು ಹತ್ತಿದ್ದು ಅಜ್ಜಿಯ ಪವನಿನ ಸರದಿಂದ. ಕರಾವಳಿಯವರಿಗೆ ಪವನು ಅಂದರೆ ಎಂಟು ಗ್ರಾಂ ಚಿನ್ನ. ಆ ಲೆಕ್ಕ ಬಂದದ್ದೇ ಬ್ರಿಟಿಷರ ಸಾವರಿನ್ ನಾಣ್ಯದಿಂದ. ಅದರ ತೂಕ 7.98 ಗ್ರಾಂ. ಅಜ್ಜಿಯ ಸರದಲ್ಲಿ ವಿಕ್ಟೋರಿಯಾ ರಾಣಿ ಎಡಕ್ಕೆ ನೋಡುತ್ತಿದ್ದಳು, ಅವಳ ಮಗ ಏಳನೇ ಎಡ್ವರ್ಡ್ ಬಲಕ್ಕೆ. ತಾಯಿ ಮಗ ಎದುರುಬದುರು ಕೂತು ಜಗಳ ಆಡುತ್ತಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಒಬ್ಬ ರಾಜ ಎಡಕ್ಕೆ ನೋಡಿದರೆ ಮುಂದಿನವನು ಬಲಕ್ಕೆ ನೋಡುವುದು ಎರಡನೇ ಚಾರ್ಲ್ಸ್‌ನ ಕಾಲದಿಂದ ಬಂದ ಪದ್ಧತಿ ಅಂತ ಗೊತ್ತಾದದ್ದು ಕೆಲಸಕ್ಕೆ ಬರ್ಮಿಂಗ್‌ಹ್ಯಾಮ್‌ಗೆ ಬಂದ ಮೇಲೆ. ಈ ಎಡ ಬಲದ ವಿಷಯ ನೆನಪಿರಲಿ. ನಾನು ಬಿದ್ದದ್ದು ಅಲ್ಲೇ.

ಇಲ್ಲಿ ಬಂದು ಒಂದು ಆಲ್ಬಮ್ ಕೊಂಡೆ. ಮೂರನೇ ಜಾರ್ಜ್‌ನಿಂದ ಎರಡನೇ ಎಲಿಜಬೆತ್‌ವರೆಗೆ ನಾಣ್ಯ ಕೂರಿಸಲು ಒಂಬತ್ತು ಗುಂಡಿಗಳು, ಪ್ರತಿಯೊಂದರ ಕೆಳಗೆ ಹೆಸರು ಅಚ್ಚಾಗಿದೆ. ಎಲ್ಲವೂ ಕ್ರೌನ್, ಅಂದರೆ ಐದು ಶಿಲ್ಲಿಂಗಿನ ದೊಡ್ಡ ಬೆಳ್ಳಿ ನಾಣ್ಯದ ಅಳತೆ. ಸುಮ್ನೆ ನಾಣ್ಯ ಕೂಡಿಸುವವನಿಗೆ ಹಸಿವು ಕಡಿಮೆ. ಖಾಲಿ ಗುಂಡಿ ಎದುರಿಗಿದ್ದರೆ ಮಾತ್ರ ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದ ಹಾಗೆ ಕಣ್ಣು ಅಲ್ಲಿಗೇ ಹೋಗುತ್ತದೆ. ಐದನೇ ಜಾರ್ಜ್‌ಗೆ 1935ರ ಬೆಳ್ಳಿಹಬ್ಬದ ಕ್ರೌನ್ ಸುಲಭವಾಗಿ ಸಿಕ್ಕಿತು. (ಅದರ ಮೇಲಿನ ಕುದುರೆ ಮಕ್ಕಳ ಆಟಿಕೆಯ ಹಾಗೆ ಕಾಣುತ್ತದೆ, ನನಗಂತೂ ಇಷ್ಟ.) ನಾಲ್ಕನೇ ವಿಲಿಯಂ ಚಲಾವಣೆಗೆ ಕ್ರೌನ್ ಹೊರಡಿಸಲೇ ಇಲ್ಲ, ಹಾಗಾಗಿ ಅವನ ಗುಂಡಿಯಲ್ಲಿ ಹಾಫ್ ಕ್ರೌನ್ ಇಟ್ಟೆ. ಕೊನೆಗೆ ಉಳಿದದ್ದು ಒಂದೇ. ಎಂಟನೇ ಎಡ್ವರ್ಡ್, 1936.

ಅವನ ಕಥೆ ನನಗೆ ಅರ್ಧ ಗೊತ್ತಿತ್ತು. ಪೂರ್ತಿ ಗೊತ್ತಿದ್ದರೆ ಅಥವಾ ಏನೂ ಗೊತ್ತಿಲ್ಲದಿದ್ದರೆ ದುಡ್ಡು ಉಳಿಯುತ್ತಿತ್ತು. 1936ರ ಜನವರಿ 20ಕ್ಕೆ ರಾಜನಾದ, ವಿಚ್ಛೇದನವಾಗಿದ್ದ ಅಮೆರಿಕದ ವಾಲಿಸ್ ಸಿಂಪ್ಸನ್‌ಳನ್ನು ಮದುವೆಯಾಗಲು ಅದೇ ಡಿಸೆಂಬರ್‌ನಲ್ಲಿ ಪಟ್ಟ ಬಿಟ್ಟ. ಅವನ ಮುಖದ ನಾಣ್ಯಗಳು 1937ರ ಹೊಸ ವರ್ಷಕ್ಕೆ ಬರಬೇಕಿತ್ತು. 1936ರ ಇಡೀ ವರ್ಷ ಬ್ರಿಟನ್ನಿನ ಟಂಕಸಾಲೆ ತೀರಿಹೋದ ಅಪ್ಪ ಐದನೇ ಜಾರ್ಜ್‌ನ ಮುಖವನ್ನೇ ಹೊಡೆಯುತ್ತಿತ್ತು. ಪದ್ಧತಿಯಂತೆ ಎಡ್ವರ್ಡ್ ಬಲಕ್ಕೆ ನೋಡಬೇಕು. ಅವನು ಒಪ್ಪಲಿಲ್ಲ. ಎಡಗಡೆಯಿಂದ ನೋಡಿದರೇ ತಾನು ಚೆಂದ ಅಂತ ಹಟ ಹಿಡಿದ. ಪರೀಕ್ಷೆಗಾಗಿ ಹೊಡೆದ ಬೆರಳೆಣಿಕೆಯ ಮಾದರಿಗಳಲ್ಲಿ ಅವನು ಅಪ್ಪನ ಹಾಗೆ ಎಡಕ್ಕೇ ನೋಡುತ್ತಾನೆ. ಆಮೇಲೆ ಬಂದ ಆರನೇ ಜಾರ್ಜ್ ಕೂಡ ಎಡಕ್ಕೆ ನೋಡುತ್ತಾನೆ, ಅಣ್ಣ ನಿಯಮ ಪಾಲಿಸಿ ಬಲಕ್ಕೆ ನೋಡಿದ್ದ ಅನ್ನುವ ಹಾಗೆ.

ಈಗ ನಾಣ್ಯ ಮೇಳದ ಕಥೆ. ಊರಿನ ಹೆಸರು ಬೇಡ. ಒಂದು ಸಭಾಂಗಣದಲ್ಲಿ ಮೂವತ್ತು ನಲವತ್ತು ಮೇಜು, ಪ್ರತಿ ಮೇಜಿನ ಮೇಲೆ ತಟ್ಟೆಗಟ್ಟಲೆ ನಾಣ್ಯ. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಹೊಳೆಯುತ್ತಿತ್ತು: ಎಂಟನೇ ಎಡ್ವರ್ಡ್, ಕ್ರೌನ್, 1937. ಎಡಕ್ಕೆ ನೋಡುತ್ತಿದ್ದಾನೆ! ಹಿಂದೆ ಸಂತ ಜಾರ್ಜ್ ಡ್ರ್ಯಾಗನ್ ಕೊಲ್ಲುವ ಚಿತ್ರ. ನನಗೆ ಎದೆ ಹೊಡೆದುಕೊಳ್ಳತೊಡಗಿತು. ಎಡಕ್ಕೆ ನೋಡುವ ಗುಟ್ಟು ಗೊತ್ತಿದ್ದವರು ಮಾಡಿದ್ದು, ಅಂದ ಮೇಲೆ ಅಸಲಿಯೇ ಇರಬೇಕು ಅಂತ ತರ್ಕ ಮಾಡಿದೆ. ಆ ಗುಟ್ಟು ಈ ಊರಲ್ಲಿ ಎಲ್ಲರಿಗೂ ಗೊತ್ತು ಅನ್ನುವುದು ಹೊಳೆಯಲೇ ಇಲ್ಲ.

ಮಾರುವವನು ಒಳ್ಳೆಯ ಮಾತುಗಾರ. "ಇದು ಪ್ಯಾಟರ್ನ್" ಅಂದ, ಅಷ್ಟೇ. ಟಂಕಸಾಲೆಯಲ್ಲಿ ಮಾದರಿಗಾಗಿ ಹೊಡೆದ ನಾಣ್ಯವನ್ನು ಹಾಗೆ ಕರೆಯುತ್ತಾರೆ. ಎಲ್ಲಿ ಹೊಡೆದದ್ದು, ಯಾರು ಹೊಡೆದದ್ದು ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. 150 ಅಂದ, ನಾನು 100 ಅಂದೆ, 120ಕ್ಕೆ ಮುಗಿಯಿತು. ಚೌಕಾಸಿ ಮಾಡಿ ಗೆದ್ದೆ ಅಂತ ಬೀಗುತ್ತಾ ರೈಲು ಹತ್ತಿದೆ. ನಗದು ಕೊಟ್ಟಿದ್ದೆ. ರಸೀದಿ ಇಲ್ಲ.

ಒಂದು ಸಲ ಯೋಚನೆ ಮಾಡಬಹುದಿತ್ತು ಅಲ್ವಾ? ಅದೇ ರಾಜನ ಒಂದು ಸಾವರಿನ್ 2020ರಲ್ಲಿ ಹತ್ತು ಲಕ್ಷ ಪೌಂಡ್‌ಗೆ ಮಾರಾಟವಾಗಿತ್ತು. ಅಸಲಿ ಮಾದರಿಗಳು ಸಂಗ್ರಹಾಲಯಗಳಲ್ಲಿವೆ, ಇಲ್ಲವೇ ದೊಡ್ಡ ಹರಾಜುಗಳಲ್ಲಿ ಅಪರೂಪಕ್ಕೆ ಕಾಣಿಸುತ್ತವೆ. ಹಿತ್ತಾಳೆಯ ಮೂರು ಪೆನ್ಸ್ ನಾಣ್ಯ ಮಾತ್ರ ಕೆಲವು ಹೊರಗೆ ಉಳಿದುಕೊಂಡವು. ಕಾಸು ಹಾಕುವ ಯಂತ್ರಗಳನ್ನು ಪರೀಕ್ಷಿಸಲಿ ಅಂತ ತಯಾರಕರಿಗೆ ಕೊಟ್ಟಿದ್ದರು, ಎಲ್ಲವೂ ವಾಪಸ್ ಬರಲಿಲ್ಲ. ಅವೂ ನಮ್ಮಂಥವರ ಕೈಗೆ ನಿಲುಕುವ ಬೆಲೆಯವಲ್ಲ. ಅಂಥದ್ದರಲ್ಲಿ ಮೂಲೆಯ ಮೇಜಿನ ಮೇಲೆ 120ಕ್ಕೆ!

ಮನೆಗೆ ಬಂದು ಹತ್ತು ದಿನ ಬರೀ ನೋಡಿದೆ. ಆಮೇಲೆ ತೂಗಿದೆ. ಆಗಿನ ಕ್ರೌನ್ 28.28 ಗ್ರಾಂ ತೂಗಬೇಕು. ನನ್ನದು 24.6. ಮುಖದ ಮೇಲೆ ರಕ್ತ ನುಗ್ಗಿದ ಹಾಗಾಯಿತು. ಆಮೇಲೆ ಓದುತ್ತಾ ಹೋದೆ. 1937ರ ಕ್ರೌನ್‌ಗೆ ನಿಜವಾಗಿ ಸಿದ್ಧವಾಗಿದ್ದದ್ದು ಸಿಂಹ ಮತ್ತು ಒಂಟಿಕೊಂಬಿನ ಕುದುರೆ ಹಿಡಿದುಕೊಂಡ ರಾಜಲಾಂಛನ. ಆರನೇ ಜಾರ್ಜ್‌ನ 1937ರ ಕ್ರೌನ್‌ನಲ್ಲಿ ಅದೇ ಇದೆ, ಅದು ನನ್ನ ಆಲ್ಬಮ್‌ನಲ್ಲಿ ಪಕ್ಕದ ಗುಂಡಿಯಲ್ಲೇ ಕೂತಿತ್ತು! ನನ್ನ ಕೈಲಿದ್ದದ್ದು 1980ರ ದಶಕದಿಂದೀಚೆಗೆ ಖಾಸಗಿಯವರು ಹೊಡೆದ ಕಲ್ಪನೆಯ ತುಂಡು. ಬ್ರಿಟನ್ ಅಷ್ಟೇ ಅಲ್ಲ, ಸಿಲೋನ್, ಬರ್ಮುಡಾ ಅಂತ ಹತ್ತಾರು ಹೆಸರಿನಲ್ಲಿ ಇವು ಬಂದವು. ಮೊದಲು ಮಾಡಿದವರು ಇದು ಫ್ಯಾಂಟಸಿ ಅಂತ ಹೇಳಿಯೇ ಮಾರಿದ್ದರು, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಕೈ ಬದಲಾಗುತ್ತಾ ಬಂದ ಹಾಗೆ ಆ ಪದ ಉದುರಿ ಪ್ಯಾಟರ್ನ್ ಆಗಿಬಿಡುತ್ತದೆ. ಹತ್ತೋ ಹದಿನೈದೋ ಪೌಂಡ್ ಕೊಟ್ಟು ಗೊತ್ತಿದ್ದೇ ಕೊಂಡರೆ ತಪ್ಪೇನಿಲ್ಲ.

ಮುಂದಿನ ತಿಂಗಳು ಮತ್ತೆ ಅದೇ ಮೇಳಕ್ಕೆ ಹೋದೆ. ಆ ಮೂಲೆಯಲ್ಲಿ ಬೇರೆ ಯಾರೋ ಹಳೆಯ ಪೋಸ್ಟ್‌ಕಾರ್ಡ್ ಮಾರುತ್ತಿದ್ದರು. ಅವನು ಕೊಟ್ಟಿದ್ದ ಚೀಟಿಯಲ್ಲಿ ಒಂದು ಮೊಬೈಲ್ ನಂಬರ್ ಇತ್ತು, ರಿಂಗ್ ಆಗುತ್ತಲೇ ಇತ್ತು. ಕಾನೂನು ನನ್ನ ಪರ ಇದ್ದರೂ ಹೆಸರೇ ಗೊತ್ತಿಲ್ಲದವನನ್ನು ಎಲ್ಲಿ ಹಿಡಿಯುವುದು?

ಇದು ನನ್ನ ಮೊದಲ ಪೆಟ್ಟೂ ಅಲ್ಲ. ಅದಕ್ಕೂ ಮೊದಲು ಆನ್‌ಲೈನಿನಲ್ಲಿ ನಾಲ್ಕನೇ ಜಾರ್ಜ್‌ನ 1821ರ ಕ್ರೌನ್ ತರಿಸಿದ್ದೆ. ಅದರ ಅಂಚಿನ ಮೇಲೆ ಅಕ್ಷರ ಇರಬೇಕು: ಡೆಕಸ್ ಎಟ್ ಟುಟಾಮೆನ್, ಅಂದರೆ ಅಲಂಕಾರವೂ ಹೌದು, ಕಾವಲೂ ಹೌದು. ಹಿಂದೆ ಜನ ಬೆಳ್ಳಿಯ ಅಂಚು ಕತ್ತರಿಸಿ ಕದಿಯುತ್ತಿದ್ದರು, ಅದನ್ನು ತಡೆಯಲು 1662ರಿಂದ ಅಂಚಿನ ಮೇಲೆ ಈ ಬರಹ ಬಂತು. ನನಗೆ ಬಂದದ್ದರ ಅಂಚಿನಲ್ಲಿ ಬರೀ ಗೀರುಗಳು, ನಮ್ಮ ಹಳೇ ರೂಪಾಯಿ ನಾಣ್ಯದ ಹಾಗೆ. ಫ್ರಿಜ್ಜಿನ ಬಾಗಿಲಿನ ಆಯಸ್ಕಾಂತ ಹತ್ತಿರ ತಂದರೆ ಟಪ್ ಅಂತ ಅಂಟಿಕೊಂಡಿತು. ಬೆಳ್ಳಿ ಅಂಟುವುದುಂಟೇ! ಅಲ್ಲಿ ಕಾರ್ಡಿನಲ್ಲಿ ಕೊಟ್ಟಿದ್ದೆ, ವಿವರದಲ್ಲಿ ಬೆಳ್ಳಿ ಅಂತ ಬರೆದಿದ್ದರು, ಮೂರು ವಾರ ಪತ್ರ ಬರೆದು ಬರೆದು ದುಡ್ಡು ವಾಪಸ್ ಬಂತು. ಮಾರುವವರು ನಾಣ್ಯದ ಎರಡು ಮುಖದ ಫೋಟೊ ಹಾಕುತ್ತಾರೆ, ಅಂಚಿನದ್ದು ಹಾಕುವುದಿಲ್ಲ. ಕೇಳಿ ತರಿಸಿಕೊಳ್ಳಿ. ಕೊಡದಿದ್ದರೆ ಬಿಟ್ಟುಬಿಡಿ.

ಇನ್ನೊಂದು ಪೆಟ್ಟು ಮನೆಯೊಳಗಿನದ್ದು, ಯಾರನ್ನೂ ದೂರುವ ಹಾಗಿಲ್ಲ. ದೀಪಾವಳಿಗೆ ಅಮ್ಮ ಬಂದಿದ್ದರು. ಲಕ್ಷ್ಮೀಪೂಜೆಗೆ ಇರಲಿ ಅಂತ ನನ್ನ ಡಬ್ಬಿಯಿಂದ ವಿಕ್ಟೋರಿಯಾ ಕಾಲದ ಪೆನ್ನಿಗಳನ್ನು ತೆಗೆದು ಹುಣಸೆಹಣ್ಣು ಹಚ್ಚಿ ಚೆನ್ನಾಗಿ ತಿಕ್ಕಿದ್ದಾರೆ. ರಾಣಿ ತುರುಬು ಕಟ್ಟಿದ, 1860ರ ದಶಕದ ಕಂಚಿನ ಪೆನ್ನಿಗಳು. ನೂರೈವತ್ತು ವರ್ಷದ ಕಂದು ಬಣ್ಣ ಹೋಗಿ ಹೊಸ ತಂಬಿಗೆಯ ಹಾಗೆ ಹೊಳೆಯುತ್ತಿದ್ದವು. "ಎಷ್ಟು ಕೊಳೆ ಇತ್ತು ಗೊತ್ತಾ?" ಅಂದರು. ಸಂಗ್ರಾಹಕರಿಗೆ ಬೇಕಾದದ್ದು ಆ ಕೊಳೆಯೇ. ತಿಕ್ಕಿದ ನಾಣ್ಯದ ಬೆಲೆ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಈಗ ಅವು ನಮ್ಮ ದೇವರ ಮುಂದೆಯೇ ಇವೆ.

ಈಗ ನಾನು ಎಂಟು ಪೌಂಡಿನ ಪುಟ್ಟ ತಕ್ಕಡಿಯನ್ನು ಜೇಬಿನಲ್ಲಿಟ್ಟುಕೊಂಡೇ ಮೇಳಕ್ಕೆ ಹೋಗುತ್ತೇನೆ. ಕ್ರೌನ್ 28.28, ಹಾಫ್ ಕ್ರೌನ್ 14.14, ಶಿಲ್ಲಿಂಗ್ 5.66 ಗ್ರಾಂ. ಸವೆದಿದ್ದರೆ ಸ್ವಲ್ಪ ಕಡಿಮೆ ಇರಬಹುದು, ಮೂರು ನಾಲ್ಕು ಗ್ರಾಂ ಕಡಿಮೆ ಇರಲಾರದು. ತೂಗಲು ಬಿಡದ ಮೇಜಿನ ಮುಂದೆ ನಿಲ್ಲುವುದಿಲ್ಲ. ದೊಡ್ಡ ಮೊತ್ತವಾದರೆ ನಾಣ್ಯ ವ್ಯಾಪಾರಿಗಳ ಸಂಘದ ಸದಸ್ಯರ ಹತ್ತಿರವೇ ಕೊಳ್ಳುತ್ತೇನೆ. ಹತ್ತು ಪೌಂಡ್ ಜಾಸ್ತಿ ಆಗುತ್ತದೆ, ಆಗಲಿ. ರಸೀದಿಯ ಮೇಲೆ ರಾಜನ ಹೆಸರು, ವರ್ಷ, ಅಸಲಿ ಎನ್ನುವ ಮಾತು ಮೂರೂ ಬರೆಸಿಕೊಳ್ಳುತ್ತೇನೆ. "ಪ್ಯಾಟರ್ನ್" ಅಂದರೆ ಯಾವ ಟಂಕಸಾಲೆಯದ್ದು ಅಂತ ಕೇಳುತ್ತೇನೆ. ಈ ಒಂದು ಪ್ರಶ್ನೆಗೆ ಎಷ್ಟು ಜನರ ಮುಖ ಬದಲಾಗುತ್ತದೆ ಅಂತ ನೋಡಬೇಕು.

ಹಾಗಾದರೆ ಆ ಗುಂಡಿ? ಅದಕ್ಕೊಂದು ದಾರಿ ಇದೆ, ಅದೂ ಅಗ್ಗದ್ದು. ಬ್ರಿಟನ್ನಿನೊಳಗೆ ಎಂಟನೇ ಎಡ್ವರ್ಡ್‌ನ ನಾಣ್ಯ ಚಲಾವಣೆಗೆ ಬರಲಿಲ್ಲ, ಸಾಮ್ರಾಜ್ಯದ ಬೇರೆ ಮೂಲೆಗಳಲ್ಲಿ ಬಂತು. ಪೂರ್ವ ಆಫ್ರಿಕಾ, ಪಶ್ಚಿಮ ಆಫ್ರಿಕಾ, ಫಿಜಿ, ನ್ಯೂಗಿನಿಗಳ 1936ರ ತೂತಿನ ನಾಣ್ಯಗಳಲ್ಲಿ ಅವನ ಹೆಸರಿದೆ. ನಡುವೆ ತೂತು ಇರುವುದರಿಂದ ಮುಖ ಬೇಕಾಗಲಿಲ್ಲ, ಹಾಗಾಗಿ ಭಾವಚಿತ್ರ ಒಪ್ಪಿಗೆಯಾಗುವ ಮೊದಲೇ ಹೊಡೆದರು. ನಮ್ಮ ಕಡೆ ಕಛ್ ಸಂಸ್ಥಾನವೂ ಅವನ ಹೆಸರಿನಲ್ಲಿ ಕೋರಿ ನಾಣ್ಯ ಹೊರಡಿಸಿತ್ತು.

ನಾನು ನಾಲ್ಕು ಪೌಂಡ್ ಕೊಟ್ಟು ಪೂರ್ವ ಆಫ್ರಿಕಾದ ಹತ್ತು ಸೆಂಟ್ ತಂದೆ. ವರ್ಷದ ಹತ್ತಿರ ಚಿಕ್ಕದಾಗಿ ಕೆಎನ್ ಅಂತ ಇದೆ, ಅಂದರೆ ಕಿಂಗ್ಸ್ ನಾರ್ಟನ್ ಕಾರ್ಖಾನೆಯಲ್ಲಿ ಹೊಡೆದದ್ದು. ಕಿಂಗ್ಸ್ ನಾರ್ಟನ್ ಇದೇ ಬರ್ಮಿಂಗ್‌ಹ್ಯಾಮ್‌ನ ಒಂದು ಬಡಾವಣೆ, ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಬಹುದು. ಕ್ರೌನ್‌ಗಾಗಿ ಮಾಡಿದ ಗುಂಡಿಗೆ ಅದು ಚಿಕ್ಕದು. ಆಲ್ಬಮ್ ಎತ್ತಿದಾಗಲೆಲ್ಲ ಒಳಗೆ ಟಕ್ ಟಕ್ ಅನ್ನುತ್ತದೆ.