ಮೊದಲ ಬಾಕ್ಸ್‌ಸ್ಟರ್: 2.7 ಲೀಟರಿನದೋ, ಎಸ್ ಮಾದರಿಯೋ?

ಪೋರ್ಷೆ ಕಂಪನಿಯ ಮಡಿಸುವ ಛಾವಣಿಯ, ಎರಡು ಸೀಟಿನ ಸ್ಪೋರ್ಟ್ಸ್ ಕಾರಾದ ಮೊದಲ ತಲೆಮಾರಿನ ಬಾಕ್ಸ್‌ಸ್ಟರ್ ಅನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಹೊರಟವರ ಮುಂದೆ ಸಾಮಾನ್ಯವಾಗಿ ಎರಡು ಆಯ್ಕೆಗಳಿರುತ್ತವೆ: 2000ದ ಮಾದರಿಯಿಂದ ಬಂದ 2.7 ಲೀಟರಿನ ಕಾರು ಮತ್ತು 3.2 ಲೀಟರಿನ ಎಸ್. ಬಿಡುಗಡೆಯಾದಾಗ ಮೊದಲನೆಯದರ ಶಕ್ತಿ ಸುಮಾರು 220 ಅಶ್ವಶಕ್ತಿಯಾದರೆ ಎರಡನೆಯದರದು 252. ಎಸ್‌ನಲ್ಲಿ ಆರು ಗೇರುಗಳ ಮ್ಯಾನ್ಯುಯಲ್ ಪೆಟ್ಟಿಗೆಯೂ ದೊಡ್ಡ ಬ್ರೇಕುಗಳೂ ಇವೆ, 2.7ರಲ್ಲಿ ಗೇರುಗಳು ಐದೇ.

ರೇಸ್ ಟ್ರ್ಯಾಕಿಗೆ ಒಯ್ಯುವ ಉದ್ದೇಶವಿದ್ದರೆ ಆ ಬ್ರೇಕುಗಳಿಗಾಗಿಯೇ ಎಸ್ ಒಳ್ಳೆಯದು. ಆದರೆ ಮೊದಲ ಬಾರಿ ಇಂಥ ಕಾರು ಓಡಿಸುವವರಿಗೆ ನಾನು 2.7 ಅನ್ನೇ ಸೂಚಿಸುತ್ತೇನೆ, ಏಕೆಂದರೆ ಸಾಮಾನ್ಯ ರಸ್ತೆಯಲ್ಲಿ ಅದರ ಎಂಜಿನ್ನನ್ನು ಪೂರ್ತಿಯಾಗಿ ದುಡಿಸಿಕೊಳ್ಳುವ ಅವಕಾಶ ಹೆಚ್ಚು, ಸುಖವಿರುವುದೂ ಅಲ್ಲಿಯೇ. ಟಿಪ್ಟ್ರಾನಿಕ್ ಎಂಬ ಆಟೊಮ್ಯಾಟಿಕ್ ಗೇರ್ ಪೆಟ್ಟಿಗೆ ಎರಡರಲ್ಲೂ ಸಿಗುತ್ತದೆ. ದಿನನಿತ್ಯದ ಟ್ರಾಫಿಕ್ ಅನಿವಾರ್ಯವಲ್ಲದಿದ್ದರೆ ಅದನ್ನು ಬಿಡಬಹುದು.

ಇವೆರಡಕ್ಕೂ ಸಮಾನವಾದ ಚಿಂತೆಯೆಂದರೆ ಎಂಜಿನ್ನಿನ ಇಂಟರ್ಮೀಡಿಯೆಟ್ ಶಾಫ್ಟಿನ, ಅಂದರೆ ಕವಾಟಗಳನ್ನು ತೆರೆಯುವ ಭಾಗಗಳಿಗೆ ತಿರುಗುವಿಕೆಯನ್ನು ಮುಟ್ಟಿಸುವ ಒಳಗಿನ ದಂಡದ, ಬೇರಿಂಗ್. ಅದು ಒಡೆದರೆ ಎಂಜಿನ್ನೇ ಹಾಳಾಗಬಹುದು. ಗೇರ್ ಪೆಟ್ಟಿಗೆಯನ್ನು ಇಳಿಸದೆ ಅದನ್ನು ತಲುಪಲಾಗದ ಕಾರಣ, ಕ್ಲಚ್ ಬದಲಿಸಿದಾಗಲೇ ಈ ಬೇರಿಂಗನ್ನೂ ಬದಲಿಸಿದ ಬಿಲ್ಲಿರುವ ಕಾರು, ಅದು ಯಾವ ಮಾದರಿಯದಾದರೂ, ಹೆಚ್ಚಿನ ಬೆಲೆಗೆ ಅರ್ಹ. 2003ರ ಮಾದರಿಯಿಂದ ಮಡಿಸುವ ಛಾವಣಿಯ ಹಿಂಗಿಟಕಿಗೆ ಗಾಜು ಬಂದಿತು. ಅದಕ್ಕೂ ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಬ್ಬಾಗಿ, ಮಡಿಕೆಯಲ್ಲಿ ಸೀಳುತ್ತದೆ. ಹೀಗಾಗಿ ದಾಖಲೆಯಿಲ್ಲದ ಎಸ್‌ಗಿಂತ, ಸರ್ವಿಸ್ ಬಿಲ್ಲುಗಳೆಲ್ಲ ಇರುವ 2003ರ ಅಥವಾ ಅದರ ನಂತರದ ಮಾದರಿಯ 2.7 ನನ್ನ ಆಯ್ಕೆ.