ಹಿತ್ತಲಿನ ಗಿರಿರಾಜವೋ, ಅಂಗಡಿಯ ಬಾಯ್ಲರ್ ಕೋಳಿಯೋ?

ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಹಿತ್ತಲಲ್ಲಿ ಸಾಕಲೆಂದೇ ಮಾಡಿದ ಕೋಳಿ ತಳಿ. ಮಾಂಸಕ್ಕೆಂದು 20 ಮರಿ ತರುವವರು ಮೊದಲು ಮೇವಿನ ಲೆಕ್ಕ ಹಾಕಬೇಕು.

ಬರೀ ಚೀಲದ ಫೀಡ್ ಹಾಕಿದರೆ ಗಿರಿರಾಜ 1 ಕೆ.ಜಿ. ಮೈ ಹಿಡಿಯಲು ಸುಮಾರು 3 ಕೆ.ಜಿ. ತಿನ್ನುತ್ತದೆ. ಬಾಯ್ಲರ್‌ಗೆ ಅದರ ಅರ್ಧ ಸಾಕು, 40 ದಿನಕ್ಕೆ 2 ಕೆ.ಜಿ. ತೂಗುತ್ತದೆ. (ಹಾರ್ಮೋನ್ ಚುಚ್ಚಿ ಬೆಳೆಸುತ್ತಾರೆ ಅನ್ನುವುದನ್ನು ನಂಬಬೇಡಿ, ಅದು ತಳಿಯ ಗುಣ, ಮೇವಿನ ಗುಣ.) ಗಿರಿರಾಜ ಒಂದೂವರೆ ಕೆ.ಜಿ. ಆಗಲು ಎರಡು, ಎರಡೂವರೆ ತಿಂಗಳು ಬೇಕು. ಕೊಯ್ದರೆ ಸಿಗುವ ಮಾಂಸ ಒಂದೇ ಕೆ.ಜಿ. ನಿಮ್ಮೂರಿನ ಫೀಡ್ ದರವನ್ನು ನಾಲ್ಕೂವರೆಯಿಂದ (ಆ ಒಂದೂವರೆ ಕೆ.ಜಿ.ಗೆ ಬೇಕಾದ ಫೀಡ್) ಗುಣಿಸಿ, ಮರಿಯ ಬೆಲೆ ಕೂಡಿಸಿ, ಅಂಗಡಿ ದರದ ಪಕ್ಕದಲ್ಲಿಟ್ಟು ನೋಡಿ. ಎಲ್ಲವನ್ನೂ ಕೊಂಡು ಹಾಕುವವರಿಗೆ ಅಂಗಡಿಯೇ ಅಗ್ಗ. ತಿಪ್ಪೆ, ಕೊಟ್ಟಿಗೆ, ಕಣದ ಜೊಳ್ಳು, ಮಿಕ್ಕ ಮುದ್ದೆ ಇರುವ ಮನೆಗೆ ಗಿರಿರಾಜ ಗಿಟ್ಟುತ್ತದೆ.

ಕೈಸುಡುವುದು ಹೆಚ್ಚಾಗಿ ಮೊದಲ ಮೂರು ವಾರದಲ್ಲೇ. ರಟ್ಟಿನಿಂದ ಗುಂಡಗೆ ಬೇಲಿ ಕಟ್ಟಿ, ಎರಡಂಗುಲ ಭತ್ತದ ಹೊಟ್ಟು ಹರಡಿ, ಒಂದೂವರೆ ಅಡಿ ಮೇಲೆ 60 ವ್ಯಾಟಿನ ಹಳೇ ತಂತಿ ಬಲ್ಬು ಇಳಿಬಿಡಿ. ಎಲ್‌ಇಡಿ ಬಲ್ಬಿನಿಂದ ಕಾವು ಬರುವುದಿಲ್ಲ. ಮೊದಲ ವಾರ 33–35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನಡಿ ಒಂದರ ಮೇಲೊಂದು ಬಿದ್ದು ಕೀಚಲಾಡಿದರೆ ಚಳಿ, ಬೇಲಿಗೆ ಅಂಟಿಕೊಂಡು ಕೊಕ್ಕು ತೆರೆದು ಏದುಸಿರು ಬಿಟ್ಟರೆ ಸೆಕೆ. ಹಿಂಬದಿಯಲ್ಲಿ ಹಿಕ್ಕೆ ಒಣಗಿ ಮೆತ್ತಿಕೊಂಡಿದ್ದರೆ ಕೀಳಬೇಡಿ, ಚರ್ಮ ಹರಿಯುತ್ತದೆ. ಬಿಸಿನೀರಿನ ಹತ್ತಿಯಲ್ಲಿ ನೆನೆಸಿ ಒರೆಸಿ. ನೀರಿನ ಬಟ್ಟಲ ಸುತ್ತ ಹೊಟ್ಟು ಒದ್ದೆಯಾದರೆ ಅದೇ ದಿನ ತೆಗೆದು ಹಾಕಿ. ರಕ್ತಭೇದಿ ಹರಡುವುದು ಆ ತೇವದಿಂದಲೇ.

ಲಸಿಕೆ ತಪ್ಪಿಸಲೇಬಾರದು. 7ನೇ ದಿನ ಕಣ್ಣಿಗೆ ಒಂದು ಹನಿ ಲಸೋಟಾ (ಕೊಕ್ಕರೆ ರೋಗದ ಲಸಿಕೆ), 14ನೇ ದಿನ ಗಂಬೊರೊ ರೋಗದ ಲಸಿಕೆ, 28ನೇ ದಿನ ಮತ್ತೆ ಲಸೋಟಾ. ಕೊಕ್ಕರೆ ರೋಗ ಹೊಕ್ಕರೆ ಗೂಡಿಗೆ ಗೂಡೇ ಖಾಲಿ. ಒಂದು ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಮರಿ ತಂದರೆ ಸೀಸೆ ಹಂಚಿಕೊಳ್ಳಬಹುದು.

ಇಷ್ಟೆಲ್ಲ ಪಾಡು ಕೋಳಿ ಸಾರಿನ ರುಚಿಗಾಗಿ. ಹಿಂದಿನ ರಾತ್ರಿ ಮೇವು ತೆಗೆದು ನೀರು ಮಾತ್ರ ಇಡಿ, ಕರುಳು ಖಾಲಿಯಾಗಿ ಸ್ವಚ್ಛ ಮಾಡಲು ಸುಲಭ. ಪುಕ್ಕ ಕೀಳಲು 60–65 ಡಿಗ್ರಿ ನೀರು ಸಾಕು. ಕುದಿಯುವ ನೀರಾದರೆ ತೊಗಲು ಕಿತ್ತು ಬರುತ್ತದೆ. ಆಮೇಲೆ ಅರಿಶಿನ ಹಚ್ಚಿ ಬೆಂಕಿಯಲ್ಲಿ ಬಾಡಿಸಿ, ತೊಗಲಿನ ಸಮೇತ ಬೇಯಿಸಿ. ತೊಗಲು ಸುಲಿದು ಕೊಡುವ ಅಂಗಡಿ ಕೋಳಿಯಲ್ಲಿ ಆ ಜಿಡ್ಡು, ಆ ಸುಟ್ಟ ಘಮ ಬರುವುದಿಲ್ಲ. ಚಿಲ್ಲಿ, ಕಬಾಬಿಗಾದರೆ ಮೆತ್ತಗಿನ ಬಾಯ್ಲರೇ ಸರಿ.

ಗಿರಿರಾಜದ ದೊಡ್ಡ ಕೊರತೆ, ಹ್ಯಾಟೆ ಕಾವಿಗೆ ಕೂರುವುದು ಅಪರೂಪ. ಮೊಟ್ಟೆಯನ್ನು ನಾಟಿ ಹ್ಯಾಟೆಯಡಿ ಇಟ್ಟು ಮರಿ ಮಾಡಿಸಿದರೂ ಅದೇ ತೂಕ ಬರುತ್ತದೆಂದು ನೆಚ್ಚಬೇಡಿ. ಪ್ರತಿ ತಂಡಕ್ಕೂ ಹೊಸ ಮರಿ ಕೊಳ್ಳಲು ಹಣ ತೆಗೆದಿಡಿ.